ಬೆಂಟಿಂಕನ ಪತ್ರ, ಬಸವಾಪಟ್ಟಣದ ಕೂಟ

1834ರಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಲಂಡನ್ನಿನಲ್ಲಿದ್ದ ಕಂಪನಿ ನಿರ್ದೇಶಕರಿಗೆ ಒಂದು ಸಲಹೆ ಕಳಿಸಿದ. ಮೂರು ವರ್ಷದ ಹಿಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡಿದ್ದವನು ಇದೇ ಬೆಂಟಿಂಕ್. ಈಗ ಅವನ ಸಲಹೆ ಹೀಗಿತ್ತು: ಮೈಸೂರು, ಅಷ್ಟಗ್ರಾಮ, ಮಂಜರಾಬಾದ್ ಸೀಮೆಗಳನ್ನು ಮಹಾರಾಜರಿಗೆ ಹಿಂದಕ್ಕೆ ಕೊಡೋಣ, ಮಿಕ್ಕದ್ದು ಕಂಪನಿಗೇ ಇರಲಿ. ಆ ಮಿಕ್ಕದ್ದರಲ್ಲಿ ನಗರ ವಿಭಾಗವಿತ್ತು, ಚಿತ್ರದುರ್ಗ ವಿಭಾಗವಿತ್ತು. ಅಂದರೆ ಇವತ್ತಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲವೂ ಇದ್ದವು. ನಿರ್ದೇಶಕರು ಒಪ್ಪಲಿಲ್ಲ. ಒಪ್ಪಿದ್ದರೆ ಈ ನಾಲ್ಕು ತಾಲ್ಲೂಕುಗಳ ಜನ ಮೈಸೂರಿನ ಪ್ರಜೆಗಳಾಗಿ ಉಳಿಯುತ್ತಿರಲಿಲ್ಲ. ಬಳ್ಳಾರಿಯವರ ಹಾಗೆ ಮದರಾಸಿಗೋ, ಧಾರವಾಡದವರ ಹಾಗೆ ಮುಂಬಯಿಗೋ ಸೇರಿಹೋಗುತ್ತಿದ್ದರು.

'ಹೀಗಾಗಿದ್ದರೆ ಏನಾಗುತ್ತಿತ್ತು' ಎಂದು ಇತಿಹಾಸವನ್ನು ಕೇಳುವುದು ಕಾಲಹರಣದ ಮಾತೆಂದು ನಮ್ಮಲ್ಲಿ ಅನೇಕ ಮೇಷ್ಟರುಗಳು ಹೇಳಿಕೊಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಪ್ರಶ್ನೆಗೊಂದು ಕಟ್ಟುಪಾಡು ಇರಬೇಕು, ಅಷ್ಟೆ. ಆ ಕಾಲದ ಮನುಷ್ಯರ ಎದುರಿಗೆ ನಿಜವಾಗಿ ಇದ್ದ ದಾರಿಗಳಲ್ಲಿ ಒಂದನ್ನು ಹಿಡಿದು ಹೋಗಬೇಕು. ನಮಗೆ ಬೇಕಾದ ದಾರಿಯನ್ನು ಅವರ ಕಾಲದೊಳಗೆ ತೋಡಬಾರದು. ಬೆಂಟಿಂಕನ ಸಲಹೆ ಅಂಥ ನಿಜವಾದ ದಾರಿ. ಅದರ ಬಳಿಗೆ ಬರುವ ಮೊದಲು, ಜನಕ್ಕೆ ಹೆಚ್ಚು ಪ್ರಿಯವಾದ ಇನ್ನೊಂದು ಬಗೆಯ ಕಲ್ಪನೆಯನ್ನು ಒರೆಗೆ ಹಚ್ಚಿ ನೋಡಬೇಕು. ಅದಕ್ಕೂ ಚನ್ನಗಿರಿಯೇ ಸಾಕು.

ಧೋಂಡಿಯಾ ವಾಘ್ ಹುಟ್ಟಿದ್ದು ಚನ್ನಗಿರಿಯಲ್ಲಿ. ಮರಾಠಾ ಮನೆತನದವನು, ಹೈದರಾಲಿಯ ಸೈನ್ಯದಲ್ಲಿ ಬೆಳೆದವನು. ಮುಂದೆ ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸಂಕೋಲೆ ತೊಡಿಸಿ ಇಟ್ಟ. 1799ರ ಮೇ 4ರಂದು ಕೋಟೆ ಬಿದ್ದಾಗ ಹೊರಬಂದು, ಟಿಪ್ಪುವಿನ ಚದುರಿದ ಸಿಪಾಯಿಗಳನ್ನು ಕೂಡಿಸಿಕೊಂಡು ನೇರವಾಗಿ ತನ್ನ ಸೀಮೆಗೇ ಬಂದ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಯ ಸುತ್ತಿನ ನೆಲ ಕೆಲವು ತಿಂಗಳು ಅವನ ಕೈಯಲ್ಲಿತ್ತು. ಕಂಪನಿಯ ಪಡೆ ಬಂದಾಗ ಹೊಳೆ ದಾಟಿ ಮರಾಠರ ಸೀಮೆಗೆ ಹೋದ; ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿದ. ತನ್ನನ್ನು 'ಉಭಯ ಲೋಕಾಧೀಶ್ವರ' ಎಂದು ಕರೆದುಕೊಂಡ. 1800ರ ಜೂನ್ ಕೊನೆಗೆ ಮರಾಠರ ಸರದಾರ ಗೋಖಲೆಯನ್ನೇ ಕೊಂದ. ಅವನ ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. ಹರಿಹರದ ಬಳಿ ತುಂಗಭದ್ರೆ ದಾಟಿ, ಎರಡು ತಿಂಗಳಿಗೂ ಮೇಲೆ ಅಲೆದು, ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಯಲಲ್ಲಿ ನಾಲ್ಕು ಕುದುರೆ ದಳಗಳ ಮುಂದೆ ತಾನೇ ನಿಂತು ನುಗ್ಗಿದ. ಧೋಂಡಿಯಾ ಅಲ್ಲಿಯೇ ಸತ್ತ. ಅವನ ಎಳೆಯ ಮಗನನ್ನು ವೆಲ್ಲೆಸ್ಲಿ ಸಾಕಿಸಿದ್ದೂ ದಾಖಲೆಯಲ್ಲಿದೆ.

ಆ ವರ್ಷ ವೆಲ್ಲೆಸ್ಲಿಗೆ ಜಾವಾದ ಬಟಾವಿಯಾ ಮೇಲಿನ ದಂಡಯಾತ್ರೆಯ ನಾಯಕತ್ವ ಕೊಡುವ ಮಾತು ಬಂದಿತ್ತು. ಧೋಂಡಿಯಾನ ಕೆಲಸ ಮುಗಿಯಲಿಲ್ಲವೆಂದು ಅವನು ಇಲ್ಲಿಯೇ ಉಳಿದ. ಹಾಗಾಗಿ ಕಲ್ಪನೆಗೆ ಬಾಗಿಲು ತೆರೆದೇ ಇದೆ: ಅವನು ಜಾವಾಕ್ಕೆ ಹೋಗಿದ್ದರೆ? ಕೋನಗಲ್ಲಿನಲ್ಲಿ ಒಂದು ಗುಂಡು ಅವನಿಗೆ ತಗುಲಿದ್ದರೆ? ಚನ್ನಗಿರಿಯ ಒಬ್ಬ ಸವಾರ ಯೂರೋಪಿನ ಚರಿತ್ರೆಯನ್ನೇ ತಿರುಗಿಸಿಬಿಡುತ್ತಿದ್ದನೇ?

ಯೂರೋಪಿನ ಮಾತು ಬೇರೆ. ನಮ್ಮ ಸೀಮೆಯ ಮಟ್ಟಿಗೆ ಹೆಚ್ಚೇನೂ ಬದಲಾಗುತ್ತಿರಲಿಲ್ಲ ಎಂದೇ ನನ್ನ ತೀರ್ಮಾನ. ವೆಲ್ಲೆಸ್ಲಿ ಬಿದ್ದಿದ್ದರೆ ಇನ್ನೊಬ್ಬ ಕರ್ನಲ್ ಬರುತ್ತಿದ್ದ. ಆ ಯುದ್ಧವನ್ನು ನಡೆಸಿದ್ದು ಹಣ ಮತ್ತು ಹೇರೆತ್ತು. ದಂಡು ಹೋದಲ್ಲೆಲ್ಲ ಅಕ್ಕಿ, ಕಾಳು ಹೊತ್ತು ಹಿಂದೆಯೇ ನಡೆದವರು ಬಂಜಾರರು, ನಮ್ಮ ಲಂಬಾಣಿಗಳು. ವೆಲ್ಲೆಸ್ಲಿಯ ಪತ್ರಗಳಲ್ಲಿ ಅವರ ಎತ್ತುಗಳ ಚಿಂತೆ ಮತ್ತೆ ಮತ್ತೆ ಬರುತ್ತದೆ. ಮಳೆಗಾಲದಲ್ಲಿ ತುಂಬಿದ ಹೊಳೆಗಳನ್ನು ದಾಟುತ್ತ, ಕುದುರೆಯ ಮೇಲೆ ಹಾರಾಡುವ ಶತ್ರುವಿನ ಹಿಂದೆ ಒಂದು ಸೈನ್ಯ ವಾರಗಟ್ಟಲೆ ಓಡಬೇಕಾದರೆ ಅದರ ಹೊಟ್ಟೆ ತುಂಬುತ್ತಿರಬೇಕು. ಆ ಲಂಬಾಣಿ ಸಮುದಾಯದ ಗುರು ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಈಗಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ. ಇವತ್ತಿಗೂ ಫೆಬ್ರವರಿ ಬಂದರೆ ತಾಂಡಾ ತಾಂಡಾಗಳಿಂದ ಜನ ಅಲ್ಲಿಗೆ ಹರಿದು ಬರುತ್ತಾರೆ. ಯಾರ ಎತ್ತುಗಳ ಮೇಲೆ ಕಂಪನಿಯ ಗೆಲುವು ನಡೆದು ಬಂತೋ ಅವರ ವ್ಯಾಪಾರವನ್ನು ರೈಲು ಮುರಿಯಿತು. ಅವರಲ್ಲಿ ಅನೇಕರ ಮೇಲೆ ಅದೇ ಸಾಮ್ರಾಜ್ಯ 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಅಂಟಿಸಿತು. ಹುಟ್ಟಿದ ಮಗುವೂ ಅಪರಾಧಿಯೇ ಎಂದು ಬರೆದಿಟ್ಟ ಆ 1871ರ ಕಾಯ್ದೆಯನ್ನು ಸುಧಾರಣೆಯ ಲೆಕ್ಕಕ್ಕೇ ಹಾಕಿದ ಕಾಲ ಅದು. ಧೋಂಡಿಯಾ ಗೆದ್ದಿದ್ದರೆ ಎಂದು ಕೇಳುವುದಕ್ಕಿಂತ, ತಾಂಡಾಗಳು ದವಸ ಹೊರಲು ಒಪ್ಪದಿದ್ದರೆ ಎಂದು ಕೇಳುವುದರಲ್ಲಿ ಹೆಚ್ಚು ಇತಿಹಾಸವಿದೆ.

ಹಣದ ಮಾತಿಗೆ ಬರೋಣ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹವನ್ನು ಕಂಪನಿಗೆ ಕಟ್ಟಬೇಕಿತ್ತು; ರೂಪಾಯಿ ಲೆಕ್ಕದಲ್ಲಿ ಸುಮಾರು 24.5 ಲಕ್ಷ. ಕಟ್ಟುವುದು ಕಷ್ಟವಾಗುವ ಹಾಗೆ ಕಂಡರೆ ರಾಜ್ಯವನ್ನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪನಿ ಬರೆಸಿಕೊಂಡಿತ್ತು. ಈ ಹಣ ಬರುವುದು ರೈತನಿಂದಲೇ. ಮುಮ್ಮಡಿಯವರ ಕಾಲಕ್ಕೆ ಶರತ್ತು ಪದ್ಧತಿ ಬಂತು. ಅಮಲ್ದಾರ ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಸರ್ಕಾರಕ್ಕೆ ಮೊದಲೇ ಬರೆದುಕೊಡಬೇಕು; ಕಡಿಮೆ ಬಿದ್ದರೆ ಅವನ ಗಂಟಿನಿಂದ ಹೋಗುತ್ತದೆ. ತನ್ನ ಗಂಟು ಉಳಿಸಿಕೊಳ್ಳಲು ಅವನು ಹಳ್ಳಿಯ ಗಂಟಲು ಹಿಡಿಯುತ್ತಿದ್ದ. ನಗರ ಫೌಜದಾರಿಯಲ್ಲಿ ಹಿಂದಿನ ಫೌಜದಾರ ಬಿಟ್ಟುಕೊಟ್ಟಿದ್ದ ರಿಯಾಯಿತಿಗಳನ್ನು ಹೊಸದಾಗಿ ಬಂದವನು ರದ್ದು ಮಾಡಿದ. ಬೆಲೆಗಳು ಕುಸಿದಿದ್ದ ಕಾಲದಲ್ಲಿ ಹಳೆಯ ಬಾಕಿಗೂ ಹೊಸ ಜೀವ ಬಂತು.

ಇದಲ್ಲದೆ ಚಿಲ್ಲರೆ ತೆರಿಗೆಗಳು. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಇಂಥ 769 ಬಾಬುಗಳನ್ನು ತೆಗೆದುಹಾಕಿದರೆಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಆ ಪಟ್ಟಿಯನ್ನು ಓದಿದರೆ ಹಳ್ಳಿಯ ಬಾಳು ಕಣ್ಣಿಗೆ ಕಟ್ಟುತ್ತದೆ. ಮದುವೆಗೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಜಾವಳ ತೆಗೆಸಿದರೆ ತೆರಿಗೆ. ಹಿಂದೆಂದೋ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಿತ್ತು, ಆ ಊರಿನ ಹಿರೀಕರು ಅದನ್ನು ಹುಡುಕಿಕೊಡಲಿಲ್ಲವೆಂದು ಮೊಮ್ಮಕ್ಕಳ ಕಾಲಕ್ಕೂ ಒಂದು ತೆರಿಗೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ಬೀಸಿಕೊಂಡು ನಡೆದರೆ ಅದಕ್ಕೂ ತೆರಿಗೆ! ಕೈಬೀಸಿ ನಡೆಯುವ ಹಕ್ಕನ್ನೂ ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದ ಜನ ಏನು ಮಾಡಿದರು ಎಂಬುದೇ ಈ ಸೀಮೆಯ ದೊಡ್ಡ ಕತೆ.

1830ರ ಆಗಸ್ಟಿನಲ್ಲಿ ರೈತರು ಈಗಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ಸೇರಿದರು. ಇದಕ್ಕೆ ಅವರೇ ಕರೆದ ಹೆಸರು 'ಕೂಟ'. ಊರಿಂದೂರಿಗೆ ಚೀಟಿ ಹೋಗುತ್ತಿತ್ತು, ಇಂಥಲ್ಲಿ ಸೇರಿ, ಬಾರದೆ ಇರಬೇಡಿ ಎಂದು. ಗೌಡರು, ಪಟೇಲರು, ಒಕ್ಕಲುಗಳು ಬಂದರು. ಮೊದಲಿಗೆ ಅವರು ಆಯುಧ ಎತ್ತಿರಲಿಲ್ಲ. ಕಂದಾಯ ಕೊಡುವುದಿಲ್ಲ, ನಮ್ಮ ಅಹವಾಲು ಕೇಳಿ ಎಂದರು. ಅಹವಾಲು ಕೇಳಲು ಅಧಿಕಾರಿಗಳೂ ಬಂದರು, ಮಾತೂ ಆಯಿತು. ಆದರೆ ಕೊನೆಗೆ ಕೂಟಗಳ ಮೇಲೆ ಸೈನ್ಯ ಬಿತ್ತು, ಜನ ಸತ್ತರು. ಅಲ್ಲಿಂದ ಮುಂದೆ ಬೂದಿ ಬಸವಪ್ಪ ಮುಂಚೂಣಿಗೆ ಬಂದ. ಸಾದರ ಮಲ್ಲ ಎಂಬ ಈ ಮನುಷ್ಯ ತಾನು ಕೆಳದಿ ಅರಸರ ವಾರಸುದಾರನೆಂದು ಮುದ್ರೆ ತೋರಿಸಿ ನಗರದ ಗದ್ದುಗೆಗೆ ಹಕ್ಕು ಹೇಳಿದ. ಕಂದಾಯ ಇಳಿಸುತ್ತೇನೆ, ಬಾಕಿ ಬಿಡುತ್ತೇನೆ ಎಂದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಎದ್ದ. ಹೊನ್ನಾಳಿಯ ಕೋಟೆ ಕಾಳಗದ ಕಣವಾಯಿತು. ಮೈಸೂರಿನ ದಂಡು ಸಾಲದೆ ಕಂಪನಿಯ ದಂಡು ಬಂತು. 1831ರ ಜೂನ್ ಹೊತ್ತಿಗೆ ನಗರವೂ ಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಜ್ಯ ಕಂಪನಿಯ ಕೈಸೇರಿತು.

ಬೆಂಟಿಂಕನನ್ನು ನಮ್ಮ ಪಠ್ಯಪುಸ್ತಕಗಳು ಸುಧಾರಕನೆಂದು ಪರಿಚಯಿಸುತ್ತವೆ. 1829ರ ಡಿಸೆಂಬರಿನಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದವನು ಅವನೇ, ಅದು ಸುಳ್ಳಲ್ಲ. ಆ ಕಾನೂನಿನ ಹಿಂದೆ ರಾಮಮೋಹನ ರಾಯರಂಥವರ ಹೋರಾಟವಿತ್ತು ಎಂಬುದೂ ನಿಜ. ಅದೇ ಬೆಂಟಿಂಕ್ ಎರಡು ವರ್ಷದೊಳಗೆ ಮೈಸೂರನ್ನು ತೆಗೆದುಕೊಂಡ, ಐದು ವರ್ಷದೊಳಗೆ ಕೊಡಗನ್ನು ತೆಗೆದುಕೊಂಡ. ಅವನಿಗೆ ಇವೆರಡೂ ಒಂದೇ ಕೆಲಸದ ಎರಡು ತುದಿಗಳಾಗಿ ಕಂಡಿರಬೇಕು: ಪ್ರಜೆಗಳ ಒಳಿತು ಮೇಲಿನಿಂದ ಬರಬೇಕು, ಅದನ್ನು ಕೊಡುವ ಕೈ ತಮ್ಮದಾಗಿರಬೇಕು. ಆದರೆ ಅವನೇ ನೇಮಿಸಿದ ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಅವರ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟ ಮೇಲೆ, ಆ 7 ಲಕ್ಷ ವರಹದ ಪೊಗದಿಗೆ ಅಂಥ ತುರ್ತಿನ ಅಪಾಯವೇನೂ ಬಂದಿರಲಿಲ್ಲ ಎಂಬುದು ಅವನಿಗೂ ಹೊಳೆಯಿತು. ಒಪ್ಪಂದದ ಬಲದ ಮೇಲೆ ರಾಜ್ಯವಿಡೀ ಇಟ್ಟುಕೊಂಡದ್ದು ಸರಿಯೇ ಎಂಬ ಅಳುಕು ಹುಟ್ಟಿತು. ಆ ಅಳುಕಿನ ಫಲವೇ ಮೊದಲಲ್ಲಿ ಹೇಳಿದ ಪತ್ರ.

ಈಗ ಆ ಪತ್ರ ಒಪ್ಪಿಗೆಯಾಯಿತು ಎಂದುಕೊಳ್ಳೋಣ. ಚನ್ನಗಿರಿಯೂ ಜಗಳೂರೂ 1834ರಿಂದಲೇ ಖಾಯಮ್ಮಾಗಿ ಬ್ರಿಟಿಷ್ ಇಂಡಿಯಾ. ಹೇಗಿರುತ್ತಿತ್ತು ಎಂದು ತಿಳಿಯಲು ಬಹಳ ಊಹೆ ಬೇಕಿಲ್ಲ. ಹೊನ್ನಾಳಿಯಿಂದ ತುಂಗಭದ್ರೆಯ ಆಚೆಯ ಸೀಮೆಗೆ ಹೋದರೆ, ರಾಣೆಬೆನ್ನೂರು, ಹಿರೇಕೆರೂರು ಕಡೆ, ಅದು 1818ರಿಂದ ಕಂಪನಿಯದಾಗಿದ್ದ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ಜಗಳೂರಿನ ಗಡಿ ದಾಟಿದರೆ ಕೂಡ್ಲಿಗಿ, ಹರಪನಹಳ್ಳಿ. ಅದು 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ ಸೀಮೆ, ಮದರಾಸು ಪ್ರಾಂತ. ಒಂದೇ ಮಾತು, ಒಂದೇ ರಾಗಿ ಜೋಳ, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರುವ ಮನೆಗಳು. ಆದರೆ ಮೂರು ಸರ್ಕಾರ. ನಮ್ಮ ಪರ್ಯಾಯ ಇತಿಹಾಸ ಹೊಳೆಯ ಆ ದಡದಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಡೆದೇ ಹೋಗಿದೆ.

ಭಾಷೆಯನ್ನೇ ನೋಡಿ. ಧಾರವಾಡದ ಕಡೆ ಕನ್ನಡ ಮಕ್ಕಳು ಮರಾಠಿ ಶಾಲೆಯಲ್ಲಿ ಕುಳಿತ ಕಾಲವಿತ್ತು; ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಯಿತು, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಬೇಕಾಯಿತು. ಚನ್ನಗಿರಿಯ ಮಗು ಕನ್ನಡವನ್ನು ಶಾಲೆಯಲ್ಲಿ ಕಲಿಯಲು ಯಾರೂ ಹಾಗೆ ಸಂಘ ಕಟ್ಟಬೇಕಾಗಲಿಲ್ಲ. ಬೆಂಟಿಂಕನ ಪತ್ರ ಗೆದ್ದಿದ್ದರೆ ಏಕೀಕರಣದ ಹಸಿವು ನಮ್ಮಲ್ಲಿಯೂ ಅಷ್ಟೇ ತೀವ್ರವಾಗಿರುತ್ತಿತ್ತು ಎಂದು ನನಗನ್ನಿಸುತ್ತದೆ. 1956ರವರೆಗೆ ಹಳೆ ಮೈಸೂರಿನ ಅನೇಕರು ಏಕೀಕರಣದ ಬಗ್ಗೆ ಅನುಮಾನದಿಂದಲೇ ಇದ್ದರು. ತಾವು ಚೆನ್ನಾಗಿದ್ದೇವೆ ಎಂಬ ಭಾವನೆ ಅದಕ್ಕೆ ಒಂದು ಕಾರಣ.

ಸಾಮಾಜಿಕ ಸುಧಾರಣೆಯ ಕತೆ ಇಷ್ಟು ಸರಳವಾಗಿಲ್ಲ. ಮೈಸೂರು ಸರ್ಕಾರ 1894ರಲ್ಲೇ ಬಾಲ್ಯವಿವಾಹ ತಡೆಯುವ ಕಾಯ್ದೆ ತಂದಿತು. 8 ವರ್ಷ ತುಂಬದ ಹುಡುಗಿಯ ಮದುವೆ ಅಪರಾಧವಾಯಿತು. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಹೊಳೆಯಾಚೆ ಮದುವೆಗೆ ವಯಸ್ಸಿನ ಮಿತಿ ಬಂದದ್ದು ಶಾರದಾ ಕಾಯ್ದೆಯೊಡನೆ, 1930ರ ಏಪ್ರಿಲಿನಲ್ಲಿ. 36 ವರ್ಷ ಈ ದಡ ಮುಂದಿತ್ತು. ಆದರೆ ಶಾರದಾ ಕಾಯ್ದೆ ಹುಡುಗಿಗೆ 14 ಎಂದಾಗ ಆ ದಡ ಒಮ್ಮೆಲೇ ಮುಂದೆ ಹೋಯಿತು. 1933ರಲ್ಲಿ ಮೈಸೂರು ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆ ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥದು ಬಂದದ್ದು 1937ರಲ್ಲಿ. ಹೆಂಗಸರಿಗೆ ಮತದಾನದ ಹಕ್ಕು ಮದರಾಸಿನಲ್ಲಿ 1921, ಮೈಸೂರಿನಲ್ಲಿ 1923. ಯಾವ ದಡವೂ ಎಲ್ಲದರಲ್ಲೂ ಮುಂದಿರಲಿಲ್ಲ. ಒಂದು ದಡದಲ್ಲಿ ಆದದ್ದನ್ನು ಇನ್ನೊಂದು ದಡದವರು ತೋರಿಸಿ ಕೇಳುತ್ತಿದ್ದರು. ಈ ಪೈಪೋಟಿಯೇ ಇಬ್ಬರನ್ನೂ ತಳ್ಳಿತು. ಗಡಿಯೇ ಇಲ್ಲದೆ ನಾವೆಲ್ಲ ಒಂದೇ ಪ್ರಾಂತದಲ್ಲಿ ಇದ್ದಿದ್ದರೆ ಆ ತಳ್ಳುವಿಕೆ ಇರುತ್ತಿರಲಿಲ್ಲ. ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಸಿಗುವ ದಾರಿ ನೋಡಲು ಮೈಸೂರಿನಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಹಿಂದೆಯೂ ಮದರಾಸಿನ ಬ್ರಾಹ್ಮಣೇತರ ಚಳವಳಿಯ ಗಾಳಿ ಇತ್ತು.

ಹಾಗೆಂದು ಮಹಾರಾಜರ ಸೀಮೆಯನ್ನು ರಾಮರಾಜ್ಯ ಮಾಡಬಾರದು. ಹಳೆ ಮೈಸೂರಿನವರು ನಾವು ಆ ತಪ್ಪನ್ನು ಸುಲಭವಾಗಿ ಮಾಡುತ್ತೇವೆ. 1881ರ ಮಾರ್ಚ್ 25ರಂದು ರಾಜ್ಯ ಒಡೆಯರ ಮನೆತನಕ್ಕೆ ಹಿಂತಿರುಗಿತು. ಅದೂ ಕೂದಲೆಳೆಯಲ್ಲಿ: 1794ರಲ್ಲಿ ಹುಟ್ಟಿದ ಮುಮ್ಮಡಿಯವರು 1868ರವರೆಗೆ ಬದುಕಿದರು, 1857ರ ದಂಗೆಯ ಮೊದಲೇ ತೀರಿಕೊಂಡಿದ್ದರೆ ದತ್ತು ಒಪ್ಪದ ಡಾಲ್‌ಹೌಸಿಯ ನೀತಿ ಇಡೀ ಮೈಸೂರನ್ನು ನುಂಗುತ್ತಿತ್ತು. ರಾಜ್ಯ ಬಂದ ವರ್ಷವೇ, ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. 144 ಮಂದಿ ಬಂದರು, ಬಹುಪಾಲು ಜಮೀನುದಾರರು ಮತ್ತು ವರ್ತಕರು. ಅವರು ಅಹವಾಲು ಹೇಳಬಹುದಿತ್ತು. ಸರ್ಕಾರವನ್ನು ಕಟ್ಟಿಹಾಕುವ ಹಾಗಿರಲಿಲ್ಲ.

ನನಗೆ ನಿಜವಾಗಿ ಮುಖ್ಯವಾದ 'ಹೀಗಾಗಿದ್ದರೆ' ಇಲ್ಲಿದೆ. ಅಹವಾಲು ಹೇಳಲು ತಾಲ್ಲೂಕುಗಳಿಂದ ಜನ ಬಂದು ಸೇರುವುದು 1881ರಲ್ಲಿ ಸರ್ಕಾರಕ್ಕೆ ಹೆಮ್ಮೆಯಾಯಿತು. ಅದೇ ಕೆಲಸವನ್ನು ಚನ್ನಗಿರಿ ಸೀಮೆಯ ರೈತರು ಯಾರೂ ಕರೆಯದೆಯೇ, 51 ವರ್ಷ ಮೊದಲು ಬಸವಾಪಟ್ಟಣದಲ್ಲಿ ಮಾಡಿದ್ದರು. ಆ ಕೂಟದ ಮಾತಿಗೆ ಮಹಾರಾಜರ ಸರ್ಕಾರ ಕಿವಿಗೊಟ್ಟು, ಶರತ್ತು ಪದ್ಧತಿ ಬಿಟ್ಟು, ವರ್ಷಕ್ಕೊಮ್ಮೆ ಸೇರಿ ಎಂದಿದ್ದರೆ? ಇದು ಆಗದ ಮಾತಾಗಿರಲಿಲ್ಲ. ಮಾತುಕತೆ ನಡೆದೂ ಇತ್ತು. ಕೂಟಕ್ಕೆ ಮನ್ನಣೆ ಸಿಕ್ಕಿದ್ದರೆ ಬೂದಿ ಬಸವಪ್ಪನ ಮುದ್ರೆಗೆ ಬೆಲೆ ಬರುತ್ತಿರಲಿಲ್ಲ, ಕಂಪನಿಗೆ ನೆವ ಸಿಗುತ್ತಿರಲಿಲ್ಲ. ಅಡ್ಡಿ ಒಂದೇ, ಅದು ದೊಡ್ಡದು: ಆ 7 ಲಕ್ಷ ವರಹ. ರೈತನಿಗೆ ಬಿಟ್ಟರೆ ಕಂಪನಿಗೆ ಕಟ್ಟುವುದೆಲ್ಲಿಂದ? ಅರಮನೆಯ ಖರ್ಚನ್ನು ಕಡಿದು ಕಟ್ಟಬಹುದಿತ್ತೇನೋ. ಅದಕ್ಕೆ ಬೇಕಾದ ಮನಸ್ಸು ಆಗ ಮೈಸೂರಿನಲ್ಲಿರಲಿಲ್ಲ.

ಆ ಕಲ್ಪನೆಯ ಕೂಟದ ಒಳಗೂ ಒಮ್ಮೆ ಇಣುಕಿ ನೋಡಬೇಕು. ಅಲ್ಲಿ ಗೌಡರಿದ್ದರು, ಪಟೇಲರಿದ್ದರು, ಜಮೀನುಳ್ಳ ಒಕ್ಕಲುಗಳಿದ್ದರು. ಅವರ ಹೊಲದಲ್ಲಿ ದುಡಿದ ಹೊಲೆಯ, ಮಾದಿಗ ಕುಟುಂಬಗಳ ಮಾತು ಅಲ್ಲಿ ಬರುತ್ತಿತ್ತೇ? ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳಿಗೆ ಚೀಟಿ ಹೋಗಿತ್ತೇ? ಹೆಂಗಸರು? ಕೂಟ ಸರ್ಕಾರವಾಗಿದ್ದರೆ ಕಂದಾಯ ಇಳಿಯುತ್ತಿತ್ತು, ಜಾವಳದ ತೆರಿಗೆ ಹೋಗುತ್ತಿತ್ತು. ಕೇರಿಯ ಬಾವಿ ಹಾಗೇ ಇರುತ್ತಿತ್ತು. ಪಂಚಮರ ಮಕ್ಕಳನ್ನು ಎಲ್ಲ ಸರ್ಕಾರಿ ಶಾಲೆಗಳಿಗೂ ಸೇರಿಸಿಕೊಳ್ಳಬೇಕೆಂದು ಮೈಸೂರಿನಲ್ಲಿ 1910ರ ದಶಕದಲ್ಲಿ ಆದೇಶವಾದಾಗ ವಿರೋಧಿಸಿದವರಲ್ಲಿ ಊರಿನ ಮುಖಂಡರೇ ಹೆಚ್ಚು. ಆದರೂ ನಾನು ಕೂಟದ ಪರ. ಒಮ್ಮೆ ಪ್ರಶ್ನಿಸುವ ಜಾಗ ತೆರೆದರೆ, ಒಳಗೆ ಬಾರದವರು ಬಾಗಿಲು ತಟ್ಟಲು ಒಂದು ಬಾಗಿಲಾದರೂ ಇರುತ್ತದೆ. ಫೌಜದಾರನ ಕಚೇರಿಗೆ ಅಂಥ ಬಾಗಿಲಿರಲಿಲ್ಲ.

ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ ಕೂಟದವರು ಮಾಡಿದ್ದನ್ನೇ ಮತ್ತೆ ಮಾಡಿದರು: ಕಂದಾಯ ಕೊಡುವುದಿಲ್ಲ, ನಮ್ಮ ಊರಿಗೆ ನಮ್ಮದೇ ಸರ್ಕಾರ ಎಂದರು, ಊರ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ಕೂರಿಸಿದರು. ಸೆಪ್ಟೆಂಬರಿನ ಗಲಭೆಯಲ್ಲಿ ಸರ್ಕಾರದ ಅಮಲ್ದಾರನೂ ಸಬ್ ಇನ್ಸ್‌ಪೆಕ್ಟರನೂ ಸತ್ತರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಿದ್ದು ಮೈಸೂರು ಮಹಾರಾಜರ ಸರ್ಕಾರ. ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದು ಕೆ.ಸಿ. ರೆಡ್ಡಿಯವರು ಪ್ರಮಾಣವಚನ ತೆಗೆದುಕೊಂಡದ್ದು 1947ರ ಅಕ್ಟೋಬರಿನಲ್ಲಿ, ಬಸವಾಪಟ್ಟಣದ ಕೂಟಕ್ಕೆ 117 ವರ್ಷವಾದ ಮೇಲೆ.